ಜಿವ್ಕಾ ಮತ್ತು ಹನ್ನೊಂದು ನಿಮಿಷ ಮುಂದಿರುವ ಕಾರ್ಖಾನೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಲ್‌ಗ್ರೇಡಿನ ದಕ್ಷಿಣಕ್ಕಿರುವ ಲೆಸ್ಕೊವಾತ್ಸ್ ಬಯಲಿನ ಈ ಕಾರ್ಖಾನೆಯ ಅಂಗಳದಲ್ಲಿ ಆಗಲೇ ಒಲೆಗಳು ಹೊತ್ತಿಕೊಂಡಿವೆ. ಕೆಂಪು ದೊಣ್ಣೆಮೆಣಸಿನಕಾಯಿ ಸಿಪ್ಪೆ ಕಪ್ಪಗಾಗುವವರೆಗೆ ಸುಡುವ ವಾಸನೆ ಗೋಡೆ, ಪರದೆ, ಕಾಗದ, ಕೂದಲು ಎಲ್ಲಕ್ಕೂ ಹತ್ತಿಕೊಂಡು ಕೂತಿದೆ. ಲೆಕ್ಕದ ಕೋಣೆಯ ಪಕ್ಕದಲ್ಲೊಂದು ತಣ್ಣನೆಯ ಪುಟ್ಟ ಕೋಣೆ. ಅದರೊಳಗಿನ ಮೇಜಿನಡಿಯಿಂದ ಎರಡು ಕಾಲುಗಳು ಮಾತ್ರ ಹೊರಗೆ ಚಾಚಿಕೊಂಡಿವೆ. ಒಂದಕ್ಕೆ ನೀಲಿ ಕಾಲುಚೀಲ, ಇನ್ನೊಂದಕ್ಕೆ ಕಂದು.

"ಲೆಪಾ ಚಿಕ್ಕಮ್ಮಾ, ಮೇಲಿರೋ ಆ ಹಂದಿ ತೊಡೇನ ಸ್ವಲ್ಪ ಆಚೆ ನೇತುಹಾಕ್ತೀರಾ? ಅದರ ಕೊಬ್ಬು ನನ್ನ ವೈರಿನ ಮೇಲೆ ತೊಟ್ಟಿಕ್ಕುತ್ತಾ ಇದೆ," ಎನ್ನುತ್ತದೆ ಮೇಜಿನಡಿಯ ದನಿ.

"ತೊಡೆ ಅಲ್ಲಿಗೆ ಬಂದು ಮೂರು ತಿಂಗಳಾಯ್ತು. ನಿನ್ನ ವೈರು ಬಂದಿದ್ದು ಮೊನ್ನೆ. ಯಾರು ಸರೀಬೇಕು ನೀನೇ ಹೇಳು," ಎನ್ನುತ್ತಾರೆ ಲೆಪೊಸಾವಾ. ಕಾರ್ಖಾನೆಯ ಲೆಕ್ಕ ಬರೆಯುವ ಹಿರಿಯ ಹೆಂಗಸು ಆಕೆ. ಯಜಮಾನರಿಂದ ಹಿಡಿದು ಲಾರಿ ತೊಳೆಯುವವರವರೆಗೆ ಎಲ್ಲರಿಗೂ ಲೆಪಾ ಚಿಕ್ಕಮ್ಮ.

ವೈರೇ ಸರಿಯುತ್ತದೆ. ಕಾಲುಗಳ ಒಡತಿ ಜಿವ್ಕಾ ಸ್ತೊಯಿಲ್ಕೊವಿಚ್ ಬಾಯಲ್ಲಿ ಪುಟ್ಟ ಟಾರ್ಚು ಕಚ್ಚಿಕೊಂಡೇ ಹೊರಗೆ ತೆವಳಿ ಬರುತ್ತಾಳೆ, ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತಾಳೆ, ಎದುರಿನ ಕಪ್ಪು ಪೆಟ್ಟಿಗೆಯ ಬೆನ್ನನ್ನು ಹಸುವಿನ ಬೆನ್ನು ತಟ್ಟುವ ಹಾಗೆ ಒಮ್ಮೆ ತಟ್ಟುತ್ತಾಳೆ. ಪೆಟ್ಟಿಗೆಯ ಒಂದು ಬದಿಗೆ ಉಪ್ಪುನೀರಿನಲ್ಲಿ ತೇಲುವ ಗಿಣ್ಣಿನ ಡಬ್ಬ. ಇನ್ನೊಂದು ಬದಿಗೆ ಸಾಲಾಗಿ ಅಯ್ವಾರ್ ಜಾಡಿಗಳು, ಸುಟ್ಟ ಮೆಣಸಿನಕಾಯಿ ಅರೆದು ಎಣ್ಣೆಯಲ್ಲಿ ಗಂಟೆಗಟ್ಟಲೆ ಕದಡಿ ಮಾಡಿದ ಗೊಜ್ಜು ಅದು. ಇಡೀ ಕಾರ್ಖಾನೆಯಲ್ಲಿ ಏಸಿ ಇರುವುದು ಇದೊಂದೇ ಕೋಣೆಗೆ. ಆದ್ದರಿಂದ ಕೆಡಬಾರದ್ದೆಲ್ಲ ಇಲ್ಲಿಗೇ ಬರುತ್ತದೆ. ಸರ್ವರ್ ಎನ್ನುವ ಆ ಕಪ್ಪು ಪೆಟ್ಟಿಗೆ ಕೂಡ ಹಾಗೆಯೇ ಬಂದಿದೆ.

ಈ ಪೆಟ್ಟಿಗೆಯನ್ನು ಜಿವ್ಕಾ ಶನಿವಾರ, ಭಾನುವಾರ ಎರಡೂ ದಿನ ಕೂತು ಡೊಮೈನ್ ಕಂಟ್ರೋಲರ್ ಮಾಡಿದ್ದಾಳೆ. ಇವತ್ತು ಸೋಮವಾರ. ಏಳಕ್ಕೆ ಜನ ಬಂದು ತಮ್ಮ ತಮ್ಮ ಕಂಪ್ಯೂಟರ್ ತೆರೆಯಬೇಕು. ತೆರೆದರೆ ಜಿವ್ಕಾ ಬದುಕಿದಳು.

ಹೀಗೆಂದರೆ ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ಮಾತು ನಡೆದಿರುವುದು ಹಾಗೆಯೇ. ನೀಶ್ ಪೇಟೆಯ ದೊಡ್ಡ ಕಂಪನಿಯೊಂದು ಸುತ್ತಲಿನ ಶೀತಲಗೃಹ, ಹಿಟ್ಟಿನ ಗಿರಣಿ, ಇಟ್ಟಿಗೆ ಗೂಡು ಎಲ್ಲದರ ಕಂಪ್ಯೂಟರ್ ಕೆಲಸವನ್ನೂ ಒಂದೊಂದಾಗಿ ಬಾಚಿಕೊಳ್ಳುತ್ತಿದೆ. ಜಿವ್ಕಾಳ ಕೈಯಲ್ಲಿ ಉಳಿದಿರುವ ದೊಡ್ಡ ಜಾಗ ಈ ಕಾರ್ಖಾನೆ ಒಂದೇ. ಯಜಮಾನ ವುಕಾಶಿನ್ ಕಳೆದ ವಾರ ತಲೆ ಕೆರೆದುಕೊಂಡು ಹೇಳಿದ್ದು ಇಷ್ಟು: "ನೋಡಕ್ಕಾ, ನನ್ನ ಅಳಿಯ ನೀಶ್‌ನವರನ್ನ ಕರೆಸೋಣ ಅಂತ ಕುಣೀತಿದಾನೆ. ಸೋಮವಾರ ಬೆಳಿಗ್ಗೆ ಎಲ್ಲರ ಕಂಪ್ಯೂಟರೂ ತೆರೆದ್ರೆ ಕೆಲಸ ನಿನ್ನದೇ. ಇಲ್ಲಾಂದ್ರೆ ನನ್ನ ಬಾಯಿ ಕಟ್ಟಿಹೋಗುತ್ತೆ."

ನೀಶ್‌ನ ಕಂಪನಿಯವರು ಜಿವ್ಕಾಳನ್ನೂ ಕರೆದಿದ್ದಾರೆ. ಗಿರಾಕಿಗಳ ಫೋನ್ ಎತ್ತುವ ಕೋಣೆಯಲ್ಲಿ ಅವಳಿಗೊಂದು ಕುರ್ಚಿಯಂತೆ, ತಲೆಗೆ ಹಾಕಿಕೊಳ್ಳುವ ಫೋನಂತೆ. ಆ ಮಾತು ಎತ್ತಿದರೆ ಸಾಕು, ಜಿವ್ಕಾಳ ಕೈ ತಾನಾಗಿ ಕಿವಿಗೆ ಹೋಗುತ್ತದೆ.

"ಹದಿನೆಂಟು ವರ್ಷ ಈ ಕಿವಿ ಮೇಲೆ ಅದನ್ನ ಹೊತ್ತಿದ್ದೀನಿ. ಈ ಕಿವಿ ನೋಡಿ, ಆ ಕಿವಿ ನೋಡಿ. ಇದು ಚಪ್ಪಟೆಯಾಗಿದೆಯೋ ಇಲ್ವೋ?"

ನಿಜಕ್ಕೂ ಒಂಚೂರು ಚಪ್ಪಟೆಯಾಗಿಯೇ ಇದೆ.

ಜಿವ್ಕಾ ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿಯಾಗಿದ್ದವಳು. ಸುತ್ತಲ ಹಳ್ಳಿಗಳಿಗೆಲ್ಲ ಇದ್ದದ್ದು ಅದೊಂದೇ ಎಕ್ಸ್‌ಚೇಂಜು. ಯಾರು ಯಾರಿಗೆ ಫೋನ್ ಮಾಡುತ್ತಾರೆ, ಯಾರು ಯಾರ ಫೋನಿಗೆ ಮನೆಯಲ್ಲಿಲ್ಲ ಅನ್ನಿಸುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು, ಒಂದನ್ನೂ ಬಾಯಿಬಿಟ್ಟವಳಲ್ಲ. ಆಮೇಲೆ ತಾನೇ ತಾನಾಗಿ ಜೋಡಿಸುವ ಯಂತ್ರ ಬಂತು, ಹುಡುಗಿಯರಿಗೆಲ್ಲ ಒಂದೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಹೂ ಬಾಡುವ ಮೊದಲೇ ಜಿವ್ಕಾ ಆ ಯಂತ್ರವನ್ನು ಕೂರಿಸಲು ಬಂದಿದ್ದ ಎಂಜಿನಿಯರನ ಹಿಂದೆ ಬಿದ್ದಳು. "ನನ್ನ ಕುರ್ಚಿ ಮೇಲೆ ಕೂತಿರೋದು ಏನು ಅಂತ ನೋಡ್ಬೇಕಿತ್ತು," ಎನ್ನುತ್ತಾಳೆ. ಆ ಎಂಜಿನಿಯರ್ ಪುಣ್ಯಾತ್ಮ. ಕಲಿಸಿದ, ಹಳೆಯ ಪುಸ್ತಕಗಳನ್ನು ಕೊಟ್ಟ, ಬೇಸಿಗೆಯಲ್ಲಿ ಬಂದು ಅವಳ ಮನೆಯ ಚೆರಿಹಣ್ಣು ತಿಂದುಕೊಂಡು ತಪ್ಪುಗಳನ್ನು ತಿದ್ದಿದ. ಈಗಲೂ ಗಂಟು ಬಿಚ್ಚದಿದ್ದರೆ ಅವನಿಗೇ ಫೋನ್ ಹೋಗುತ್ತದೆ.

ಊರಿನವರಿಗೆ ಮಾತ್ರ ಅವಳ ಕೆಲಸವೇನೆಂದು ಇವತ್ತಿಗೂ ಅರ್ಥವಾಗಿಲ್ಲ. "ಕರೆಂಟಿಂದು ಏನೋ" ಎಂದು ತಿಳಿದು ಕೆಟ್ಟ ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ ತಂದು ಅವಳ ಬಾಗಿಲಲ್ಲಿಟ್ಟು ಹೋಗುತ್ತಾರೆ. ಒಬ್ಬರು ಮೊನ್ನೆ ಕೋಳಿಮರಿ ಮಾಡಿಸುವ ಪೆಟ್ಟಿಗೆಯನ್ನೇ ತಂದಿದ್ದರು, ಮೊಟ್ಟೆಗಳ ಸಮೇತ. ಗಂಡ ಇನ್ನೂ ಸುಲಭದ ದಾರಿ ಹಿಡಿದಿದ್ದಾನೆ. ಕೇಳಿದವರಿಗೆಲ್ಲ "ಅವಳು ರೇಡಿಯೊ ರಿಪೇರಿ ಮಾಡ್ತಾಳೆ" ಎಂದುಬಿಡುತ್ತಾನೆ.

"ಡೊಮೈನ್ ಕಂಟ್ರೋಲರ್ ಅಂದ್ರೆ ಏನು ಅಂತ ಅವನಿಗೊಂದು ಸಲ ಹೇಳೋಕೆ ಕೂತೆ. ಸೂಪು ತಣ್ಣಗಾಯ್ತು, ಅವನಿಗೆ ನಿದ್ದೆ ಬಂತು," ಎಂದು ನಗುತ್ತಾಳೆ.

ಆದರೆ ಕೇಳುವ ಮನಸ್ಸಿದ್ದರೆ ಅವಳು ಹೇಳುವುದು ಚೆನ್ನಾಗಿಯೇ ಇದೆ.

"ಇಲ್ಲಿ ಮೊದಲು ಒಂದೊಂದು ಕಂಪ್ಯೂಟರ್‌ಗೂ ಒಂದೊಂದು ಬಾಗಿಲು. ಕೀಲಿ ಬಾಗಿಲಲ್ಲೇ ನೇತಾಡ್ತಿತ್ತು. ಈಗ ಒಂದೇ ಹೆಬ್ಬಾಗಿಲು ಮಾಡಿದ್ದೀನಿ. ಅಲ್ಲೊಬ್ಬಳು ಕೂತಿರ್ತಾಳೆ, ಎಕ್ಸ್‌ಚೇಂಜಲ್ಲಿ ನಾವು ಕೂತಿರ್ತಿದ್ದ ಹಾಗೆ. ಯಾರಪ್ಪಾ ನೀನು, ಎಲ್ಲಿಗೆ ಬೇಕು, ಅಂತ ಕೇಳ್ತಾಳೆ. ಗುರುತು ಸರಿಹೋದ್ರೆ ಒಂದು ಚೀಟಿ ಹರಿದುಕೊಡ್ತಾಳೆ. ಆ ಚೀಟಿ ತೋರಿಸಿದ್ರೆ ಪ್ರಿಂಟರ್ ಕೆಲಸ ಮಾಡುತ್ತೆ, ಕಡತ ತೆರೆಯುತ್ತೆ. ಚೀಟಿ ಮೇಲೆ ಹೊತ್ತು ಬರೆದಿರುತ್ತೆ. ಹಳೇ ಚೀಟಿ ಕದ್ದು ತಂದೋರು ಒಳಗೆ ನುಗ್ಗಬಾರದಲ್ಲ? ಅದಕ್ಕೆ. ಇವಳ ಗಡಿಯಾರಕ್ಕೂ ಬಂದೋರ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡ್ರೆ ಮುಖ ಕೂಡ ನೋಡಲ್ಲ, ಆಚೆ ಕಳಿಸ್ತಾಳೆ."

ಇಂಥ ಹೆಬ್ಬಾಗಿಲು ಈ ಕಾರ್ಖಾನೆಗೆ ಬೇಕಾದದ್ದಕ್ಕೂ ಒಂದು ಕಾರಣವಿದೆ. ಆ ಕಾರಣದ ಹೆಸರು ಉರೋಶ್, ಯಜಮಾನರ ಅಳಿಯ. ಕಳೆದ ಚಳಿಗಾಲ ಅವನಿಗೆ ಲಾಟರಿ ಹೊಡೆದಿದೆ ಎಂದು ಯಾರೋ ಒಂದು ಮಿಂಚಂಚೆ ಕಳಿಸಿದರು. ಲಾಟರಿ ಟಿಕೆಟನ್ನೇ ಕೊಳ್ಳದವನಿಗೆ ಲಾಟರಿ ಹೇಗೆ ಹೊಡೆಯಿತು ಎಂದು ಯೋಚಿಸುವಷ್ಟು ವ್ಯವಧಾನ ಅವನಿಗಿರಲಿಲ್ಲ. ತೆರೆದ. ಊಟದ ಹೊತ್ತಿಗೆ ಎಲ್ಲ ಕಂಪ್ಯೂಟರುಗಳ ಕಡತಗಳೂ ಕಲಸಿದ ಮೊಟ್ಟೆಯಾಗಿದ್ದವು. ಆಗ ಎಲ್ಲದಕ್ಕೂ ಇದ್ದದ್ದು ಒಂದೇ ಪಾಸ್‌ವರ್ಡ್, "ಪಾಪ್ರಿಕಾ", ಅಂದರೆ ಮೆಣಸಿನಕಾಯಿ. ಅದು ಪ್ಯಾಕಿಂಗ್ ಹೆಂಗಸರಿಗೆ, ಲಾರಿ ಡ್ರೈವರುಗಳಿಗೆ, ಎದುರಿನ ಬೇಕರಿಯವನಿಗೆ ಕೂಡ ಗೊತ್ತಿತ್ತು.

ಆದ್ದರಿಂದ ಈಗ ಒಬ್ಬೊಬ್ಬರಿಗೂ ಅವರವರದೇ ಪಾಸ್‌ವರ್ಡ್. ಅದನ್ನು ಒಪ್ಪಿಸುವುದಕ್ಕೆ ಇಡೀ ಶನಿವಾರ ಮಧ್ಯಾಹ್ನ ಹೋಯಿತು.

"ಗುಟ್ಟಾಗಿಡಬೇಕಂತೆ! ಅಂದ್ರೆ ನನಗೊಬ್ಬಳಿಗೇ ಗೊತ್ತಿರೋದು?" ಎಂದು ಲೆಪಾ ಚಿಕ್ಕಮ್ಮ ಹುಬ್ಬೇರಿಸಿದ್ದರು. "ನಾನು ನಾಳೆ ಕತ್ತು ಹಿಡ್ಕೊಂಡು ಮಲಗಿದ್ರೆ ಯಾರು ತೆರೀತಾರೆ, ಹೇಳು?"

"ಅದಕ್ಕೊಂದು ವ್ಯವಸ್ಥೆ ಇದೆ ಚಿಕ್ಕಮ್ಮಾ, ನಾನು ಬಂದು..."

"ನೀನು ಬರೋಷ್ಟರಲ್ಲಿ ಮೆಣಸಿನಕಾಯಿ ಕೊಳೀತವೆ. ಏ ಹುಡುಗೀರಾ, ಕೇಳಿಸ್ಕೊಳ್ಳಿ, ನನ್ನದು ಮೊಮ್ಮಗನ ಹೆಸರು, ಹುಟ್ಟಿದ ವರ್ಷ, ಆಮೇಲೊಂದು ಉದ್ಗಾರ ಚಿಹ್ನೆ!"

ಜಿವ್ಕಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ಸುಮ್ಮನೆ ಹೊಸ ಪಾಸ್‌ವರ್ಡ್ ಹಾಕಿಸಿದಳು. ಅದನ್ನೂ ಕೂಗಿ ಹೇಳಿದರು. ಮೂರನೆಯದನ್ನು ಲೆಪಾ ಚಿಕ್ಕಮ್ಮ ಯಾರಿಗೂ ಹೇಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಸಿಟ್ಟು ಬಂದಿತ್ತು.

ಡೊಮೈನಿಗೆ ಹೆಸರಿಡುವಾಗಲೂ ಹೀಗೇ. ಒಮ್ಮೆ ಇಟ್ಟರೆ ಬದಲಾಯಿಸುವುದು ಹಲ್ಲು ಕೀಳಿಸಿದಷ್ಟು ಕಷ್ಟ ಎಂದು ಜಿವ್ಕಾ ಎಚ್ಚರಿಸಿದ್ದಳು. ಉರೋಶ್ ಆರು ಪದಗಳ ಹೆಸರೊಂದನ್ನು ಹೇಳಿದ. ಅದರಲ್ಲಿ ಯುರೋಪೂ ಇತ್ತು, ಚಿನ್ನವೂ ಇತ್ತು, ಜಗತ್ತೂ ಇತ್ತು, ಮೆಣಸಿನಕಾಯಿ ಮಾತ್ರ ಇರಲಿಲ್ಲ. ವುಕಾಶಿನ್ ಗೋಡೆಯ ಮೇಲಿನ ಪಟ ನೋಡಿ, "ಅಪ್ಪನ ಹೆಸರಿಡು," ಎಂದರು. ಹಾಗಾಗಿ ಡೊಮೈನಿನ ಹೆಸರು ತಿಹೋಮಿರ್. ಈ ಕಾರ್ಖಾನೆ ಕಟ್ಟಿದವರು, ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸ ಮಾಡಿ ಬಂದವರು, ತೀರಿಕೊಂಡು ಬಹಳ ವರ್ಷವಾಯಿತು.

ಜಿವ್ಕಾಳ ದಿನದ ಲೆಕ್ಕ ಕೇಳಿದರೆ ಅವಳು ಕಾಫಿಯಲ್ಲಿ ಹೇಳುತ್ತಾಳೆ. ಪ್ರಿಂಟರ್ ಸರಿಮಾಡುವುದು ಒಂದು ಕಾಫಿಯ ಕೆಲಸ. ಹೊಸ ಕಂಪ್ಯೂಟರ್ ಕೂರಿಸುವುದು ಮೂರು. ಡೊಮೈನ್ ಕಂಟ್ರೋಲರಿಗೆ ಒಂಬತ್ತರಿಂದ ಹನ್ನೊಂದು, ಜೊತೆಗೆ ಎರಡು ಊಟ, ಒಂದು ಪುಟ್ಟ ಗ್ಲಾಸು ರಾಕಿಯಾ, ಪ್ಲಮ್ ಹಣ್ಣಿನ ಸಾರಾಯಿ. ಬೇಡವೆನ್ನುವ ಹಾಗಿಲ್ಲ. ಬೇಡವೆಂದರೆ ಮೈಯಲ್ಲಿ ಹುಷಾರಿಲ್ಲ ಅಂದುಕೊಳ್ಳುತ್ತಾರೆ, ಇಲ್ಲವೇ ಜಂಬ ಅಂದುಕೊಳ್ಳುತ್ತಾರೆ. ಎರಡಕ್ಕೂ ಮದ್ದು ಇನ್ನೊಂದು ತಟ್ಟೆ.

ಈ ಬೆಳಿಗ್ಗೆಯೂ ಆಗುವುದು ಅದೇ. ಜಿವ್ಕಾ ಸರ್ವರ್ ಮುಂದೆ ಕೂತು ಕೊನೆಯ ಸಲ ಎಲ್ಲ ನೋಡುತ್ತಿದ್ದಾಳೆ. ಹೆಸರುಗಳು ಸರಿಯಾಗಿವೆ, ವಿಳಾಸಗಳು ಸರಿಯಾಗಿವೆ, ಪರೀಕ್ಷೆಗೆಂದು ತೆರೆದ ಕಂಪ್ಯೂಟರ್ ಮಾತು ಕೇಳುತ್ತಿದೆ. ಬಾಗಿಲಲ್ಲಿ ಲೆಪಾ ಚಿಕ್ಕಮ್ಮ ಕೈ ಸೊಂಟಕ್ಕಿಟ್ಟು ನಿಂತಿದ್ದಾರೆ.

"ಏಳು. ಒಲೆ ಹತ್ರ ಮೆಣಸಿನಕಾಯಿ ಸುಲಿದಿಟ್ಟಿದೀನಿ, ಬೆಳ್ಳುಳ್ಳಿ ಹಾಕಿ. ಬಿಸಿ ರೊಟ್ಟಿ ಇದೆ."

"ಒಂದೇ ನಿಮಿಷ ಚಿಕ್ಕಮ್ಮಾ."

"ಖಾಲಿ ಹೊಟ್ಟೇಲಿ ಮಾಡಿದ ಕೆಲಸ ಕೈಗೆ ಹತ್ತಲ್ಲ. ನಿನ್ನ ಮುಖ ನೋಡು, ಬಿಳೀ ಹಾಳೆ ಥರ ಇದೆ. ಏಳ್ತೀಯೋ, ನಾನೇ ಎಬ್ಬಿಸ್ಲೋ?"

ಜಿವ್ಕಾ ಎದ್ದು ಹೋಗುತ್ತಾಳೆ. ಸರ್ವರಿನ ಪರದೆ ತೆರೆದೇ ಇರುತ್ತದೆ. ಎದ್ದು ಹೋಗುವಾಗ ಪರದೆಗೆ ಬೀಗ ಹಾಕಿ ಎಂದು ಅವಳು ಊರಿಗೆಲ್ಲ ಹೇಳಿಕೊಡುತ್ತಾಳೆ. ಅದಕ್ಕಾಗಿ ಒಂದು ಹಾಡಿನಂಥ ಸಾಲು ಕೂಡ ಕಟ್ಟಿದ್ದಾಳೆ. ಆದರೆ ಸುಟ್ಟ ಮೆಣಸಿನಕಾಯಿಯ ಮೇಲೆ ಬೆಳ್ಳುಳ್ಳಿ ಬಿದ್ದ ವಾಸನೆ ಹಾಡನ್ನೆಲ್ಲ ಮರೆಸಿಬಿಡುತ್ತದೆ.

ಏಳಾಗುವ ಹೊತ್ತಿಗೆ ಸಭಾಂಗಣದಷ್ಟು ದೊಡ್ಡ ಕಚೇರಿ ತುಂಬಿದೆ. ಹೊರಗೆ ವಿಯೆನ್ನಾಗೆ ಹೊರಡುವ ಲಾರಿ ನಿಂತಿದೆ. ಜಾಡಿಗಳಿಗೆ ಚೀಟಿ ಅಚ್ಚಾಗಬೇಕು, ಗಡಿಯಲ್ಲಿ ತೋರಿಸುವ ಕಾಗದ ಅಚ್ಚಾಗಬೇಕು, ಆಮೇಲೆ ಅದು ಹೊರಡಬೇಕು. ಡ್ರೈವರ್ ಟೈರಿಗೆ ಒರಗಿ ಸೂರ್ಯಕಾಂತಿ ಬೀಜ ಬಿಡಿಸಿ ಬಿಡಿಸಿ ಉಗುಳುತ್ತಿದ್ದಾನೆ. ವುಕಾಶಿನ್ ಯಾವತ್ತೂ ಹಾಕದ ಕೋಟು ಹಾಕಿಕೊಂಡು ಬಂದಿದ್ದಾರೆ. ಉರೋಶ್ ಕೈಯಲ್ಲಿ ಫೋನ್.

ಜನ ಹೆಸರು ಬರೆಯುತ್ತಾರೆ. ಪಾಸ್‌ವರ್ಡ್ ಬರೆಯುತ್ತಾರೆ. ಕಂಪ್ಯೂಟರ್ ಒಂದು ಕ್ಷಣ ಯೋಚಿಸುತ್ತದೆ, ಆಮೇಲೆ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಹೇಳಿ ಬಾಗಿಲು ಹಾಕಿಕೊಳ್ಳುತ್ತದೆ. ಒಂದಲ್ಲ, ಎಲ್ಲವೂ.

"ನನ್ನದೂ ತೆರೀತಿಲ್ಲ."

"ನಂದೂ ಅಷ್ಟೇ. ನಾನೇನು ಮುಟ್ಟಿಲ್ಲಪ್ಪಾ ಮತ್ತೆ."

"ಪಾಪ್ರಿಕಾ ಹಾಕಿ ನೋಡೇ, ಅದು ಯಾವತ್ತೂ ಕೈಕೊಟ್ಟಿಲ್ಲ."

ಉರೋಶ್ ಗಂಟಲು ಸರಿಮಾಡಿಕೊಳ್ಳುತ್ತಾನೆ. "ಅಕ್ಕಾ, ಬೇಜಾರು ಮಾಡ್ಕೋಬೇಡಿ, ನೀಶ್‌ನವರಿಗೊಂದು ಫೋನ್ ಮಾಡ್ಲಾ? ಅವರು ಎಂಟಕ್ಕೆಲ್ಲ ಎದ್ದಿರ್ತಾರೆ."

"ನೀನು ಬಾಯಿ ಮುಚ್ಕೊಂಡಿರು, ಲಾಟರಿ ಹೊಡೆದೋನೇ," ಎನ್ನುತ್ತಾರೆ ವುಕಾಶಿನ್. ಆದರೆ ಫೋನ್ ಕೆಳಗಿಡು ಎನ್ನುವುದಿಲ್ಲ. ಜಿವ್ಕಾ ಅದನ್ನು ಗಮನಿಸುತ್ತಾಳೆ.

ಅವಳು ಪರದೆಯ ಸಾಲು ಓದುತ್ತಾಳೆ. ಈ ಯಂತ್ರದ ಗಡಿಯಾರಕ್ಕೂ ಸರ್ವರಿನ ಗಡಿಯಾರಕ್ಕೂ ತಾಳೆಯಿಲ್ಲ ಎನ್ನುತ್ತಿದೆ. ಕೈಗಡಿಯಾರ ನೋಡಿಕೊಳ್ಳುತ್ತಾಳೆ, ಈ ಕಂಪ್ಯೂಟರಿನದು ಸರಿಯಾಗಿಯೇ ಇದೆ. ತಣ್ಣನೆಯ ಕೋಣೆಗೆ ಓಡುತ್ತಾಳೆ. ಸರ್ವರ್ ಹನ್ನೊಂದು ನಿಮಿಷ ಮುಂದಿದೆ! ಅರ್ಧ ಗಂಟೆಯ ಹಿಂದೆ ಸರಿಯಾಗಿತ್ತು, ಅವಳೇ ನೋಡಿದ್ದಾಳೆ. ನೋಡಿದ್ದೆನೋ ಇಲ್ಲವೋ ಎಂದು ಈಗ ಅವಳಿಗೇ ಅನುಮಾನ. ಸರಿಮಾಡಿ, ಏದುಸಿರು ಬಿಡುತ್ತಾ ಕಚೇರಿಗೆ ಓಡಿ ಬರುತ್ತಾಳೆ.

"ಈಗ ನೋಡಿ!"

ಮೊದಲ ಮೇಜಿನ ಹುಡುಗಿಯ ಕಂಪ್ಯೂಟರ್ ತೆರೆದುಕೊಳ್ಳುತ್ತದೆ. ಎರಡನೆಯದೂ. ಹೆಂಗಸರು ಚಪ್ಪಾಳೆ ತಟ್ಟುತ್ತಾರೆ. ಯಾರೋ ಲಾರಿ ಡ್ರೈವರಿಗೆ ಕಿಟಕಿಯಿಂದಲೇ ಕೈಬೀಸುತ್ತಾರೆ. ಮೂರನೆಯ ಮೇಜಿನವಳು ಹನ್ನೆರಡು ಅಕ್ಷರವನ್ನು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವವಳು. ಅವಳು ಒತ್ತಿ ಮುಗಿಸುವಷ್ಟರಲ್ಲಿ ಬಾಗಿಲು ಮತ್ತೆ ಮುಚ್ಚಿಹೋಗಿದೆ. ನಾಲ್ಕನೆಯದೂ ತೆರೆಯುವುದಿಲ್ಲ.

ಜಿವ್ಕಾ ಮತ್ತೆ ಓಡುತ್ತಾಳೆ. ಮತ್ತೆ ಹನ್ನೊಂದು ನಿಮಿಷ ಮುಂದೆ. ಹತ್ತಲ್ಲ, ಹನ್ನೆರಡಲ್ಲ. ಯಂತ್ರ ಕೆಟ್ಟರೆ ಹೀಗೆ ಅಚ್ಚುಕಟ್ಟಾಗಿ ಕೆಡುವುದಿಲ್ಲ ಎನ್ನುವುದು ಅವಳ ಅನುಭವ. ಅಚ್ಚುಕಟ್ಟಾಗಿ ಕೆಡಿಸುವುದು ಮನುಷ್ಯರು ಮಾತ್ರ. ಗಡಿಯಾರ ಸರಿಮಾಡುತ್ತಾಳೆ. ಆಮೇಲೆ ಕಚೇರಿಗೆ ಹೋಗುವುದಿಲ್ಲ; ಗಿಣ್ಣಿನ ಡಬ್ಬಗಳ ಕಪಾಟಿನ ಹಿಂದೆ ಹೊಕ್ಕು ಮೂಗು ಮುಚ್ಚಿಕೊಂಡು ಕೂರುತ್ತಾಳೆ.

ಬಾಗಿಲು ಮೆಲ್ಲಗೆ ತೆರೆಯುತ್ತದೆ. ಲೆಪಾ ಚಿಕ್ಕಮ್ಮ ಒಳಬರುತ್ತಾರೆ. ಕಾಯುತ್ತಿರುವ ಡ್ರೈವರಿಗೆ ಕೊಡಲೆಂದು ಕಪಾಟಿನಿಂದ ಒಂದು ಜಾಡಿ ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಹೊರಡಲು ತಿರುಗಿದವರು ನಿಲ್ಲುತ್ತಾರೆ. ಕನ್ನಡಕ ಏರಿಸಿ ಪರದೆಯ ಮೂಲೆ ನೋಡುತ್ತಾರೆ, ನಾಲಿಗೆ ಲೊಚಗುಟ್ಟುತ್ತಾರೆ, ಮೊಮ್ಮಗನ ಅಂಗಿಯ ಗುಂಡಿ ಸರಿಮಾಡುವಷ್ಟು ಅಕ್ಕರೆಯಿಂದ ಸಮಯವನ್ನು ಮುಂದಕ್ಕೆ ತಳ್ಳುತ್ತಾರೆ.

"ಚಿಕ್ಕಮ್ಮಾ!"

ಜಾಡಿ ಬೀಳುವುದಿಲ್ಲ. ಈ ಊರಿನ ಹೆಂಗಸರ ಕೈಯಿಂದ ಅಯ್ವಾರ್ ಜಾಡಿ ಬಿದ್ದ ಚರಿತ್ರೆಯೇ ಇಲ್ಲ. ಆದರೆ ಲೆಪಾ ಚಿಕ್ಕಮ್ಮ ಎದೆ ಹಿಡಿದುಕೊಳ್ಳುತ್ತಾರೆ. "ಅಯ್ಯೋ ನನ್ನವ್ವಾ! ಗಿಣ್ಣಿನ ಹಿಂದೆ ಏನು ಮಾಡ್ತಿದೀಯೇ ನೀನು?"

"ನೀವು ಗಡಿಯಾರ ಏನು ಮಾಡ್ತಿದೀರಿ?"

"ಸರಿಮಾಡ್ತಿದೀನಿ! ನಿನ್ನ ಪೆಟ್ಟಿಗೆ ಹಿಂದೆ ಓಡ್ತಿದೆ. ನಾನು ಗೋಡೆ ಗಡಿಯಾರಕ್ಕೆ ಹೊಂದಿಸಿಟ್ಟಿದ್ದ ಎಲ್ಲಾ ಕಂಪ್ಯೂಟರೂ ನಿನ್ನೆಯಿಂದ ಹಿಂದೆ. ನನ್ನ ಮೇಜಿನದು ಸರಿಮಾಡೋಕೆ ಹೋದೆ, ನಿನಗೆ ಅನುಮತಿ ಇಲ್ಲ ಅಂತು. ನನಗೆ! ನಲವತ್ತು ವರ್ಷದಲ್ಲಿ ಈ ಕಟ್ಟಡದೊಳಗೆ ನನಗೆ ಅನುಮತಿ ಇಲ್ಲ ಅಂದೋರು ಯಾರೂ ಇಲ್ಲ. ಅದಕ್ಕೆ ಅದರ ತಾಯಿ ಹತ್ರಾನೇ ಬಂದೆ. ಸರಿಮಾಡಿ ಹೋಗ್ತೀನಿ, ಬಂದು ನೋಡಿದ್ರೆ ಮತ್ತೆ ಹಿಂದೆ. ಎಂಥ ಮೊಂಡು ಪೆಟ್ಟಿಗೆ ತಂದಿದೀಯಾ ನೀನು!"

ಜಿವ್ಕಾ ಕಪಾಟಿನ ಹಿಂದಿನಿಂದ ಹೊರಬಂದು ತನ್ನ ಕೈಗಡಿಯಾರ ನೋಡುತ್ತಾಳೆ, ಆಮೇಲೆ ಗೋಡೆ ನೋಡುತ್ತಾಳೆ. ಬಾಗಿಲಾಚೆ ಕಾಣುವ ಗೋಡೆ ಗಡಿಯಾರ, ಅದರ ಪಕ್ಕದಲ್ಲಿ ತಿಹೋಮಿರ್ ಪಟ, ಅಂಗಳದ ದೊಡ್ಡ ಗಡಿಯಾರ, ಅಡುಗೆಮನೆಯದು, ಎಲ್ಲವೂ ಹನ್ನೊಂದು ನಿಮಿಷ ಮುಂದಿವೆ. ಇಲ್ಲಿಗೆ ಬರುತ್ತಾ ಆರು ವರ್ಷವಾಯಿತು. ಆರು ವರ್ಷ ಅವಳು ಮೇಜಿನ ಕೆಳಗೇ ಇದ್ದಳು, ಗೋಡೆ ನೋಡಿರಲಿಲ್ಲ.

ಅಷ್ಟರಲ್ಲಿ ವುಕಾಶಿನ್, ಹಿಂದೆ ಉರೋಶ್, ಅವರ ಹಿಂದೆ ಅರ್ಧ ಕಚೇರಿ ಬಾಗಿಲಿಗೆ ಬಂದು ಮುತ್ತಿದೆ.

"ಅದು ಅಪ್ಪನ ಟೈಮು," ಎನ್ನುತ್ತಾರೆ ವುಕಾಶಿನ್, ಸಿಕ್ಕಿಬಿದ್ದವರಂತೆ. "ನಮ್ಮಲ್ಲಿ ಎಲ್ಲ ಹಾಗೇ. ಹೇಳೋಕೆ ಮರೆತೆ."

"ತಮಾಷೆ ಅಲ್ವಾ?" ಎನ್ನುತ್ತಾನೆ ಉರೋಶ್. "ಎಲ್ಲರಿಗೂ ಗೊತ್ತು ಮುಂದಿದೆ ಅಂತ. ಎಲ್ಲರೂ ಹನ್ನೊಂದು ನಿಮಿಷ ಕಳೆದು ಲೆಕ್ಕ ಹಾಕ್ಕೊಂಡೇ ಬರ್ತಾರೆ. ತೆಗೆದುಹಾಕಿದ್ರೆ ಆಯ್ತು. ಜಗತ್ತೆಲ್ಲಾ ಒಂದು ಟೈಮ್, ನಮ್ಮದೊಂದು ಟೈಮ್ ಯಾಕೆ?"

ಲೆಪಾ ಚಿಕ್ಕಮ್ಮ ಜಾಡಿಯನ್ನು ಮೇಜಿನ ಮೇಲಿಡುತ್ತಾರೆ.

"ನೀನು ಆಗ ಹುಟ್ಟಿರಲಿಲ್ಲ, ಅಳಿಯಾ. ಮೂರಕ್ಕೆ ಕೆಲಸ ಮುಗೀತಿತ್ತು, ಮೂರಕ್ಕೇ ರೈಲು ಬರ್ತಿತ್ತು. ನಾವು ಹುಡುಗೀರೆಲ್ಲ ಹಳಿ ಮೇಲೆ ಓಡ್ತಿದ್ವಿ, ಚಳಿಗಾಲದಲ್ಲಿ ಮಂಜಿನ ಮೇಲೆ. ತಪ್ಪಿತು ಅಂದ್ರೆ ಕತ್ತಲಾಗೋವರೆಗೆ ಸ್ಟೇಷನ್ನಿನಲ್ಲಿ ಕೂರೋದು. ಒಂದು ದಿನ ನಾನು ಜಾರಿ ಬಿದ್ದೆ, ಮಂಡಿ ಒಡೀತು. ತಿಹೋಮಿರ್ ಯಜಮಾನರು ಅದನ್ನ ನೋಡಿದ್ರು. ರೈಲ್ವೆಯವರ ಹತ್ರ ಹೋಗಿ ರೈಲನ್ನ ಒಂಚೂರು ತಡ ಮಾಡಿ ಅಂತ ಕೇಳಿದ್ರು. ಅವರು ನಕ್ಕರು. ಮಾರನೇ ದಿನ ಬೆಳಿಗ್ಗೆ ಬಂದು ಏಣಿ ಹತ್ತಿ ತಾವೇ ಗಡಿಯಾರಾನ ಹನ್ನೊಂದು ನಿಮಿಷ ಮುಂದಕ್ಕೆ ತಿರುಗಿಸಿದ್ರು. ನಿಧಾನಕ್ಕೆ ನಡ್ಕೊಂಡು ಹೋಗಿ ಹುಡುಗೀರಾ, ಅಂದ್ರು."

"ಆ ರೈಲು ಈಗ ಇಲ್ವಲ್ಲ ಚಿಕ್ಕಮ್ಮಾ," ಎನ್ನುತ್ತಾನೆ ಉರೋಶ್, ದನಿ ತಗ್ಗಿಸಿ.

"ರೈಲಿಲ್ಲ. ಮಂಡಿ ಇದೆ."

ಜಿವ್ಕಾ ಕೆಳತುಟಿ ಕಚ್ಚಿಕೊಂಡು ನಿಂತಿದ್ದಾಳೆ. ಲಾರಿ ಒಮ್ಮೆ ಹಾರ್ನ್ ಹಾಕುತ್ತದೆ. ವುಕಾಶಿನ್ ಕೋಟಿನ ಕತ್ತುಪಟ್ಟಿ ಎಳೆದುಕೊಳ್ಳುತ್ತಾರೆ. "ಅಕ್ಕಾ, ಎರಡರಲ್ಲಿ ಒಂದಾಗಬೇಕು ಅನ್ಸುತ್ತೆ. ಗಡಿಯಾರಗಳನ್ನ ಇಳಿಸೋದಾದ್ರೆ ನಾನಂತೂ ಏಣಿ ಹತ್ತಲ್ಲ, ಮೊದಲೇ ಹೇಳ್ಬಿಡ್ತೀನಿ."

ಯಾರು ಹತ್ತುತ್ತಾರೆ ಎನ್ನುವ ಹಾಗೆ ಎಲ್ಲರೂ ಉರೋಶನನ್ನು ನೋಡುತ್ತಾರೆ. ಉರೋಶ್ ತನ್ನ ಬೂಟು ನೋಡಿಕೊಳ್ಳುತ್ತಾನೆ.

"ಯಾರೂ ಹತ್ತಬೇಡಿ," ಎನ್ನುತ್ತಾಳೆ ಜಿವ್ಕಾ. "ಒಂದು ಕಾಫಿ ಮಾಡಿ ಚಿಕ್ಕಮ್ಮಾ. ಅದು ಆರೋದ್ರೊಳಗೆ ನೋಡೋಣ."

ಅವಳು ಎಂಜಿನಿಯರನಿಗೆ ಫೋನ್ ಹಚ್ಚಿ ಭುಜಕ್ಕೂ ಚಪ್ಪಟೆ ಕಿವಿಗೂ ನಡುವೆ ಸಿಕ್ಕಿಸಿಕೊಳ್ಳುತ್ತಾಳೆ. "ಕೇಳಿ, ನಿಮಗೆ ನಗು ಬರುತ್ತೆ. ಮೊದಲು ನಕ್ಕುಬಿಡಿ, ಆಮೇಲೆ ಹೇಳಿ," ಎಂದು ಶುರುಮಾಡುತ್ತಾಳೆ. ಆಚೆಯಿಂದ ನಗು ಈ ಕೋಣೆಗೂ ಕೇಳಿಸುತ್ತದೆ. ಆಮೇಲೆ ಒಂದಷ್ಟು "ಹೂಂ" "ಹೂಂ".

ವಿಷಯ ಇಷ್ಟೇ. ಈ ಯಂತ್ರಗಳಿಗೆ ಎರಡು ಗಡಿಯಾರ. ಒಳಗೊಂದು, ಜಗತ್ತಿನ ಎಲ್ಲ ಯಂತ್ರಗಳಿಗೂ ಒಂದೇ ಆದದ್ದು. ಹೆಬ್ಬಾಗಿಲಿನವಳು ಚೀಟಿ ಹರಿಯುವಾಗ ನೋಡುವುದು ಅದನ್ನು. ಹೊರಗೊಂದು, ಜನ ನೋಡುವುದು. ಅದು ಯಾವ ಊರಿನಲ್ಲಿ ಕೂತಿದ್ದೀರಿ ಎನ್ನುವುದರ ಮೇಲೆ ಇಷ್ಟು ಗಂಟೆ ಹಿಂದೆ, ಇಷ್ಟು ಗಂಟೆ ಮುಂದೆ ಎಂದು ತೋರಿಸುತ್ತದೆ. ಲೆಪಾ ಚಿಕ್ಕಮ್ಮ ತಳ್ಳುತ್ತಿದ್ದದ್ದು ಒಳಗಿನದನ್ನು. ಒಳಗಿನದನ್ನು ಮುಟ್ಟದೆ ಹೊರಗಿನದನ್ನು ಮಾತ್ರ ಹನ್ನೊಂದು ನಿಮಿಷ ಮುಂದೆ ತೋರಿಸಬೇಕಾದರೆ ಹನ್ನೊಂದು ನಿಮಿಷ ಮುಂದಿರುವ ಒಂದು ಊರು ಬೇಕು. ಯಂತ್ರದ ಪಟ್ಟಿಯಲ್ಲಿ ಅಂಥ ಊರಿಲ್ಲ.

"ಇಲ್ಲಾಂದ್ರೆ ಸೇರಿಸಿದ್ರಾಯ್ತು," ಎಂದು ಫೋನ್ ಕೆಳಗಿಡುತ್ತಾಳೆ ಜಿವ್ಕಾ.

ಒಳಗಿನ ಗಡಿಯಾರವನ್ನು ಸರಿಯಾದ ಜಾಗಕ್ಕೆ ತರುತ್ತಾಳೆ. ಪಟ್ಟಿಗೆ ಹೊಸದೊಂದು ಸಾಲು ಬರೆಯುತ್ತಾಳೆ. ಡೊಮೈನ್ ಕಂಟ್ರೋಲರ್ ಇರುವ ಸುಖವೇ ಇದು, ಒಂದು ಕಡೆ ಹೇಳಿದರೆ ಎಲ್ಲ ಕಂಪ್ಯೂಟರುಗಳೂ ಕೇಳುತ್ತವೆ. ಅವನ್ನೆಲ್ಲ ಒಮ್ಮೆ ಆರಿಸಿ ಮತ್ತೆ ಹಚ್ಚಲು ಹೇಳುತ್ತಾಳೆ. ಕಚೇರಿಯಲ್ಲಿ ಹೆಂಗಸರು ಕೈ ಮಡಿಲಲ್ಲಿಟ್ಟು ಕಾಯುತ್ತಾರೆ. ಉರೋಶ್ ಕೈಯಲ್ಲಿ ಫೋನ್ ಇನ್ನೂ ಇದೆ, ಹೆಬ್ಬೆರಳು ಅದರ ಮೇಲಿದೆ.

ಮೊದಲನೆಯದು ತೆರೆಯುತ್ತದೆ. ಎರಡನೆಯದು. ಒಂದೇ ಬೆರಳಿನವಳು ಹುಡುಕಿ ಹುಡುಕಿ ಒತ್ತುತ್ತಾಳೆ; ಇಡೀ ಕಚೇರಿ ಉಸಿರು ಬಿಗಿಹಿಡಿದು ಒಂದೊಂದು ಅಕ್ಷರವನ್ನೂ ಮನಸ್ಸಿನಲ್ಲೇ ಅವಳ ಜೊತೆ ಒತ್ತುತ್ತದೆ. ಗುಟ್ಟು ಎಷ್ಟು ಚೆನ್ನಾಗಿ ಉಳಿದಿದೆ ಎಂದು ಜಿವ್ಕಾಗೆ ಆಗ ಗೊತ್ತಾಗುತ್ತದೆ. ಅವಳದೂ ತೆರೆಯುತ್ತದೆ. ಪ್ರಿಂಟರ್ ಕೆಮ್ಮುತ್ತದೆ, ಆಮೇಲೆ ಕಾಗದ ಉಗುಳತೊಡಗುತ್ತದೆ.

ಉರೋಶ್ ಫೋನನ್ನು ಜೇಬಿಗಿಳಿಸುತ್ತಾನೆ. "ಅಲ್ಲಾ, ನಾನು ಟೈಮ್ ನೋಡೋಕೆ ಹಿಡ್ಕೊಂಡಿದ್ದೆ ಅಷ್ಟೇ," ಎನ್ನುತ್ತಾನೆ.

"ಯಾವ ಟೈಮು?" ಎಂದು ಕೇಳುತ್ತಾರೆ ಮಾವ. ಕಚೇರಿಯೆಲ್ಲ ನಗುತ್ತದೆ, ಕೊನೆಗೆ ಉರೋಶನೂ. ನಗು ನಿಂತ ಮೇಲೆ ವುಕಾಶಿನ್ ಕೋಟು ಬಿಚ್ಚಿ ಕುರ್ಚಿಗೆ ಹಾಕುತ್ತಾರೆ. "ಜಿವ್ಕಾ, ನಮ್ಮ ಎರಡು ಶೀತಲಗೃಹದ್ದೂ ನೀನೇ ನೋಡ್ಕೋ. ಅಲ್ಲಿ ಗಡಿಯಾರ ಸರಿಯಾಗಿದೆ, ಹೆದರಬೇಡ." ಅಭಿನಂದನೆ ಇಷ್ಟೇ. ಜಿವ್ಕಾ ಕಿವಿ ಸವರಿಕೊಳ್ಳುತ್ತಾಳೆ.

ಲಾರಿ ಹೊರಟ ಮೇಲೆ ಲೆಪಾ ಚಿಕ್ಕಮ್ಮ ತಾಮ್ರದ ಪುಟ್ಟ ಕಾಫಿ ಪಾತ್ರೆ ಹಿಡಿದು ತಣ್ಣನೆಯ ಕೋಣೆಗೆ ಬರುತ್ತಾರೆ. ಏನೋ ನೋಡಬೇಕು ಎನ್ನುತ್ತಾರೆ. ಜಿವ್ಕಾ ಊರುಗಳ ಪಟ್ಟಿ ತೆರೆದು ತೋರಿಸುತ್ತಾಳೆ. ಜಗತ್ತಿನ ಊರುಗಳೆಲ್ಲ ಸಾಲಾಗಿ ಕೆಳಗಿಳಿಯುತ್ತವೆ. ಲಂಡನ್ ಇದೆ, ಬೆಲ್‌ಗ್ರೇಡ್ ಇದೆ, ಅಥೆನ್ಸ್ ಇದೆ. ಬೆಲ್‌ಗ್ರೇಡಿಗೂ ಅಥೆನ್ಸಿಗೂ ನಡುವೆ ಒಂದು ಹೊಸ ಸಾಲು: ತಿಹೋಮಿರ್.

ಲೆಪಾ ಚಿಕ್ಕಮ್ಮ ಕನ್ನಡಕ ತೆಗೆದು ಏಪ್ರನ್ನಿನ ತುದಿಯಲ್ಲಿ ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ, ಮತ್ತೆ ತೆಗೆದು ಒರೆಸುತ್ತಾರೆ.

"ಬೆಲ್‌ಗ್ರೇಡಿನ ಕೆಳಗೆ ಹಾಕಿದೀಯಲ್ಲೇ."

"ಕೆಳಗಿರೋದು ಬರೀ ಪಟ್ಟೀಲಿ. ಹನ್ನೊಂದು ನಿಮಿಷ ಮುಂದಿದಾರೆ."

ಚಿಕ್ಕಮ್ಮ ತಲೆದೂಗುತ್ತಾರೆ. ಅದು ಸರಿಯಾದ ಜಾಗವೆಂದು ಅವರಿಗೆ ಅನ್ನಿಸಿದಂತಿದೆ. ಜಿವ್ಕಾ ಟಾರ್ಚು, ಸ್ಕ್ರೂಡ್ರೈವರ್, ಉಳಿದ ವೈರು ಚೀಲಕ್ಕೆ ತುಂಬಿಕೊಳ್ಳುತ್ತಾಳೆ. ಒಂಬತ್ತಕ್ಕೆ ಅವಳ ಕೈಯಲ್ಲೇ ಉಳಿದಿರುವ ಪುಟ್ಟ ಹಿಟ್ಟಿನ ಗಿರಣಿಗೆ ಹೋಗಬೇಕು, ಅಲ್ಲಿ ಪ್ರಿಂಟರ್ ಕೆಟ್ಟಿದೆ. ಗೋಡೆ ಗಡಿಯಾರ ನೋಡುತ್ತಾಳೆ, ಒಂಬತ್ತಾಗಿದೆ.

"ತಡವಾಯ್ತು ಚಿಕ್ಕಮ್ಮಾ. ಕಾಫಿ ಇನ್ನೊಂದು ಸಲ."

ನಲವತ್ತು ವರ್ಷ ಈ ಕಟ್ಟಡಕ್ಕೆ ಬಂದ ಒಂದೊಂದು ಗಡಿಯಾರವನ್ನೂ ತನ್ನ ಕೈಯಾರೆ ಮುಂದಕ್ಕೆ ತಿರುಗಿಸಿದ ಲೆಪೊಸಾವಾ, ಬಾಗಿಲತ್ತ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸುತ್ತಾರೆ.

"ಬೆಲ್‌ಗ್ರೇಡ್ ಟೈಮ್ ಪ್ರಕಾರ ಇನ್ನೂ ಹನ್ನೊಂದು ನಿಮಿಷ ಇದೆ. ಕೂತ್ಕೋ."

ಜಿವ್ಕಾ ಚೀಲ ಕೆಳಗಿಡುತ್ತಾಳೆ. ಸರ್ವರಿನ ಪರದೆಗೆ ಮೊದಲು ಬೀಗ ಹಾಕುತ್ತಾಳೆ. ಆಮೇಲೆ, ಹಂದಿ ತೊಡೆಗೆ ತಲೆ ತಾಗದ ಹಾಗೆ ಬಗ್ಗಿ, ಕೂರುತ್ತಾಳೆ.